‘ಮಂಚದ ಮೇಲೆ ಮಲಗಿ’ ಎಂದಾಗ ಡಾಕ್ಟರು ನೋಡುವುದೇನು?

ಬೆಂಗಳೂರು ವಿಜಯನಗರದ ಮಾರೇನಹಳ್ಳಿಯ ಯಾವುದೇ ಮೆಡಿಕಲ್ ಸ್ಟೋರಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ‘ಗ್ಯಾಸ್‌ಗೆ ಒಂದು ಮಾತ್ರೆ ಕೊಡಿ’ ಎಂದು ಕೇಳುವವರು ಬಂದೇ ಬರುತ್ತಾರೆ. ಎದೆ ಉರಿದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್, ಬೆನ್ನು ಹಿಡಿದುಕೊಂಡರೂ ಗ್ಯಾಸ್. ಬಹಳಷ್ಟು ಸಲ ಅದು ಗಾಬರಿಪಡುವಂಥದ್ದಲ್ಲ, ನಿಜ. ಆದರೆ ಹೃದಯದ ಕೆಳಗೋಡೆ ಒರಗಿರುವುದೇ ವಪೆಯ ಮೇಲೆ. ವಪೆಯ ಕೆಳಗೆ ಜಠರ, ಲಿವರ್. ಆ ಕೆಳಗೋಡೆಗೆ ರಕ್ತ ನಿಂತಾಗ ನೋವು ಎದೆಯಲ್ಲಿ ಕಾಣದೆ ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಬಹುದು. ವಾಂತಿ ಬರಬಹುದು, ತೇಗೂ ಬರಬಹುದು. ಇದರ ತಿರುಗುಮುರುಗೂ ಉಂಟು. ಹೃದಯ ಸೋತವರ ಲಿವರ್ ಊದಿಕೊಂಡು ಬಲಪಕ್ಕೆಯ ಕೆಳಗೆ ನೋಯುತ್ತದೆ, ಊಟ ಸೇರುವುದಿಲ್ಲ. ಅವರೂ ‘ಅಜೀರ್ಣ’ ಎಂದುಕೊಂಡೇ ಬರುತ್ತಾರೆ.

ಆದ್ದರಿಂದಲೇ ಒಳ್ಳೆಯ ಡಾಕ್ಟರು ಎದೆನೋವಿನವರ ಹೊಟ್ಟೆಯನ್ನೂ, ಹೊಟ್ಟೆನೋವಿನವರ ನಾಡಿಯನ್ನೂ ನೋಡದೆ ಬಿಡುವುದಿಲ್ಲ.

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್ 29ರಂದು, ಕೇವಲ 46ನೇ ವಯಸ್ಸಿಗೆ ಪುನೀತ್ ರಾಜ್‌ಕುಮಾರ್ ಹೋದ ಮೇಲೂ ಇದೇ ಗಾಬರಿ ಇತ್ತು. ಇಂಥ ಹೊತ್ತಿನಲ್ಲಿ ನಮಗೆ ಹೊಳೆಯುವುದು ಇಸಿಜಿ, ಎಕೋ, ಸ್ಕ್ಯಾನಿಂಗ್. ವಿಜಯನಗರದ ಸುತ್ತ ಅವಕ್ಕೇನೂ ಬರವಿಲ್ಲ; ಪ್ಯಾಕೇಜ್ ಚೆಕಪ್ಪಿನ ಬೋರ್ಡುಗಳು ಬೀದಿಬೀದಿಗೂ ಇವೆ. ಆದರೆ ಯಾವ ಪರೀಕ್ಷೆ ಬೇಕು, ಎಷ್ಟು ಬೇಗ ಬೇಕು ಎಂಬುದನ್ನು ಹೇಳುವುದು ಮೊದಲ ಐದು ನಿಮಿಷದ ನೋಟ ಮತ್ತು ಸ್ಪರ್ಶ. ಆ ಐದು ನಿಮಿಷದಲ್ಲಿ ನಡೆಯುವುದೇನೆಂದು ಗೊತ್ತಿದ್ದರೆ ನೀವೂ ಸಹಕರಿಸಬಹುದು. ಮನೆಯಲ್ಲಿ ಗಮನಿಸಬೇಕಾದ್ದನ್ನು ಗಮನಿಸಿ ಸರಿಯಾಗಿ ಹೇಳಲೂಬಹುದು.

ಉಗುರು, ಕಣ್ಣು, ಅಂಗೈ

ಪರೀಕ್ಷೆ ಹೃದಯದಿಂದ ಶುರುವಾಗುವುದಿಲ್ಲ, ಕೈಯಿಂದ ಶುರುವಾಗುತ್ತದೆ. ಡಾಕ್ಟರು ನಿಮ್ಮ ಬೆರಳು ಹಿಡಿದು ಉಗುರಿನ ಬುಡ ಒತ್ತಿ ನೋಡಿದರೆ ಅದು ಕಾಲಹರಣವಲ್ಲ. ಉಗುರು ಉಬ್ಬಿ, ಬೆರಳ ತುದಿ ದಪ್ಪಗಾಗಿದ್ದರೆ ಅದು ಹುಟ್ಟಿನಿಂದ ಬಂದ ಕೆಲವು ಹೃದಯದೋಷ, ಹೃದಯದ ಕವಾಟದ ಸೋಂಕು, ಶ್ವಾಸಕೋಶದ ಕಾಯಿಲೆ, ಲಿವರ್ ಗಟ್ಟಿಯಾಗುವ ಸಿರೋಸಿಸ್, ಕರುಳಿನ ದೀರ್ಘಕಾಲದ ಉರಿಯೂತ, ಇವುಗಳಲ್ಲಿ ಯಾವುದರ ಸುಳಿವೂ ಆಗಿರಬಹುದು. ಇದನ್ನು ಮನೆಯಲ್ಲೇ ನೋಡಿಕೊಳ್ಳುವ ಉಪಾಯವೊಂದಿದೆ. ಎರಡೂ ಕೈಯ ಒಂದೇ ಬೆರಳನ್ನು, ಉಗುರಿಗೆ ಉಗುರು ತಾಗುವಂತೆ ಬೆನ್ನಿಗೆ ಬೆನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ. ಉಗುರಿನ ಬುಡದಲ್ಲಿ ಸಣ್ಣ ವಜ್ರಾಕಾರದ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿಹೋಗಿದ್ದರೆ ಡಾಕ್ಟರಿಗೆ ತೋರಿಸಿ. ಇದನ್ನು ವಿವರಿಸಿದವರು ದಕ್ಷಿಣ ಆಫ್ರಿಕಾದ ಹೃದಯತಜ್ಞ ಲಿಯೋ ಶಾಮ್ರೋತ್, 1976ರಲ್ಲಿ. ತಮಗೇ ಹೃದಯದ ಕವಾಟಕ್ಕೆ ಸೋಂಕಾದಾಗ ತಮ್ಮದೇ ಉಗುರುಗಳನ್ನು ಗಮನಿಸಿ ಬರೆದರು.

ಕಣ್ಣಿನ ರೆಪ್ಪೆಯ ಒಳಮೂಲೆಯಲ್ಲಿ ಹಳದಿ ಗಂಟುಗಳು ಎದ್ದಿದ್ದರೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಕಪ್ಪುಗುಡ್ಡೆಯ ಸುತ್ತ ಬಿಳಿ ಬಳೆ ವಯಸ್ಸಾದವರಲ್ಲಿ ಮಾಮೂಲು. ನಲವತ್ತರ ಒಳಗಿನವರಲ್ಲಿ ಕಂಡರೆ ಕೊಲೆಸ್ಟರಾಲ್ ನೋಡಲೇಬೇಕು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ. ಕಿವಿಯ ಹಾಲೆಯ ಮೇಲಿನ ಅಡ್ಡಗೆರೆಯ ಬಗ್ಗೆ ವಾಟ್ಸಾಪಿನಲ್ಲಿ ಆಗಾಗ ಫೋಟೊ ಓಡಾಡುತ್ತದೆ. 1973ರಲ್ಲಿ ಒಬ್ಬ ಅಮೆರಿಕನ್ ವೈದ್ಯರು ಅದನ್ನು ಹೃದಯದ ಕಾಯಿಲೆಗೆ ಜೋಡಿಸಿ ಬರೆದದ್ದು ಹೌದು. ಆದರೆ ವಯಸ್ಸಾದಂತೆ ಆ ಗೆರೆ ಎಷ್ಟೋ ಜನರಿಗೆ ಬರುತ್ತದೆ. ಅದನ್ನು ನೋಡಿ ನಿದ್ದೆಗೆಡುವುದಕ್ಕಿಂತ ಬಿ.ಪಿ., ಶುಗರ್ ನೋಡಿಸಿಕೊಳ್ಳುವುದು ಮೇಲು.

ಕಾಮಾಲೆಯನ್ನು ಮಾತ್ರ ಹಗಲಿನ ಬೆಳಕಲ್ಲೇ ನೋಡಬೇಕು. ನಮ್ಮ ಕಡೆಯ ಮನೆಗಳು ಗೋಡೆಗೆ ಗೋಡೆ ತಾಗಿದವು, ನಡುಮನೆಯಲ್ಲಿ ಹಗಲೂ ಟ್ಯೂಬ್‌ಲೈಟ್. ಆ ಬೆಳಕಿನಲ್ಲಿ ಸಣ್ಣ ಹಳದಿ ಕಾಣುವುದೇ ಇಲ್ಲ. ಬಾಗಿಲಿಗೆ ಬಂದು, ಕೆಳರೆಪ್ಪೆ ಎಳೆದು, ಕಣ್ಣಿನ ಬಿಳಿಭಾಗ ನೋಡಿ. ಮೂತ್ರ ಕಡುಬಣ್ಣಕ್ಕೆ ತಿರುಗಿ ಮಲ ಬಿಳಿಚಿಕೊಂಡಿದ್ದರೆ ಪಿತ್ತ ಇಳಿಯುವ ದಾರಿ ಕಟ್ಟಿಕೊಂಡಿರಬಹುದು. ‘ಕಾಮಾಲೆಗೆ ನಾಟಿ ಔಷಧಿ ಹಾಕಿಸೋಣ, ಮೂರು ವಾರ ಕಾಯೋಣ’ ಎನ್ನುವವರು ಈ ಒಂದು ಲಕ್ಷಣವಿದ್ದಾಗಲಾದರೂ ಕಾಯಬಾರದು. ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಸೊಪ್ಪಿನ ರಸಕ್ಕೆ ಕರಗುವುದಿಲ್ಲ. ಜೊತೆಗೆ ಚಳಿಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ನಾಡಿ ಮತ್ತು ಬಿ.ಪಿ.

ನಾಡಿ ನೋಡಲು ಹೆಬ್ಬೆರಳು ಬೇಡ. ತೋರುಬೆರಳು, ನಡುಬೆರಳನ್ನು ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಗೆ ಇಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ಮನೆ ಕೂತಿರುವ ದೊಡ್ಡವರಿಗೆ 60ರಿಂದ 100ರವರೆಗೆ ಸರಿ. ಎಣಿಕೆಗಿಂತ ಲಯ ಮುಖ್ಯ. ಅಲ್ಲೊಂದು ಇಲ್ಲೊಂದು ಬಡಿತ ತಪ್ಪುವುದು ಬೇರೆ, ಯಾವ ತಾಳಕ್ಕೂ ಸಿಗದೆ ಅಡ್ಡಾದಿಡ್ಡಿಯಾಗಿ ಬಡಿಯುವುದು ಬೇರೆ. ಎರಡನೆಯದು ಏಟ್ರಿಯಲ್ ಫಿಬ್ರಿಲೇಷನ್ ಆಗಿರಬಹುದು. ಆಗ ಹೃದಯದ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಮನೆಯ ಹಿರಿಯರ ನಾಡಿಯನ್ನು ಆಗಾಗ ಮುಟ್ಟಿ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಬಿ.ಪಿ. ವಿಷಯದಲ್ಲಿ ನಡೆಯುವಷ್ಟು ಅವಸರ ಇನ್ನಾವುದರಲ್ಲೂ ಇಲ್ಲ. ಮೆಟ್ಟಿಲು ಹತ್ತಿ ಬಂದ ತಕ್ಷಣ, ತೋಳಿನ ಬಟ್ಟೆಯನ್ನು ಬಿಗಿಯಾಗಿ ಮೇಲಕ್ಕೆ ಸರಿಸಿ, ಕಾಲು ನೇತಾಡಿಸಿಕೊಂಡು, ಮಾತಾಡುತ್ತಲೇ ನೋಡಿಸಿಕೊಂಡ ಬಿ.ಪಿ.ಯನ್ನು ನಂಬಬೇಡಿ. ಅರ್ಧ ಗಂಟೆಯೊಳಗೆ ಕಾಫಿ, ಸಿಗರೇಟು ಆಗಿರಬಾರದು. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂರಬೇಕು, ತೋಳು ಹೃದಯದ ಮಟ್ಟಕ್ಕೆ ಮೇಜಿನ ಮೇಲಿರಬೇಕು. ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಹೀಗೆ ಬೇರೆಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ರಕ್ತದೊತ್ತಡವೇ. ಮೊದಲ ಭೇಟಿಯಲ್ಲಿ ಎರಡೂ ತೋಳಿನಲ್ಲಿ ನೋಡಿ ಎಂದು ಕೇಳಿ. ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾವುದೋ ಒಂದು ತೋಳಿನ ರಕ್ತನಾಳ ಕಿರಿದಾಗಿರಬಹುದು. ಎದೆ ಸೀಳಿದಂಥ ನೋವಿನ ಜೊತೆ ಈ ವ್ಯತ್ಯಾಸ ಕಂಡರೆ ಮಹಾಪಧಮನಿಯೇ ಸೀಳಿರುವ ಶಂಕೆ, ಆಗ ಒಂದು ಕ್ಷಣವೂ ತಡಮಾಡುವಂತಿಲ್ಲ.

ಕುತ್ತಿಗೆ ಹೇಳುವುದು, ಕಾಲು ಹೇಳುವುದು

ಹೃದಯದ ಸೋಲನ್ನು ಕಣ್ಣಾರೆ ತೋರಿಸುವ ಜಾಗ ಕುತ್ತಿಗೆ. ಮಂಚದ ತಲೆಭಾಗವನ್ನು ಸುಮಾರು 45 ಡಿಗ್ರಿ ಎತ್ತಿ ಒರಗಿಸಿ, ಮುಖವನ್ನು ತುಸು ಎಡಕ್ಕೆ ತಿರುಗಿಸಿ ಡಾಕ್ಟರು ನಿಮ್ಮ ಕುತ್ತಿಗೆಯ ಬಲಭಾಗವನ್ನೇ ನೋಡುತ್ತ ನಿಂತರೆ, ಅವರು ನೋಡುತ್ತಿರುವುದು ಅಭಿಧಮನಿಯ ಮಿಡಿತ ಎಷ್ಟು ಎತ್ತರಕ್ಕೆ ಕಾಣುತ್ತಿದೆ ಎಂದು. ಆರೋಗ್ಯವಂತರಲ್ಲಿ ಅದು ಕೊರಳೆಲುಬಿನ ಮೇಲೆ ಅಷ್ಟಾಗಿ ಏರುವುದಿಲ್ಲ. ಹೃದಯದ ಬಲಭಾಗ ರಕ್ತವನ್ನು ಮುಂದೆ ತಳ್ಳಲಾರದೆ ಹೋದರೆ ಆ ಮಟ್ಟ ದವಡೆಯ ಕಡೆಗೆ ಏರುತ್ತದೆ. ಆಗ ಅವರು ನಿಮ್ಮ ಹೊಟ್ಟೆಯ ಮೇಲೆ ಅಂಗೈ ಇಟ್ಟು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಬಹುದು. ಹೊಟ್ಟೆಯಲ್ಲಿ ನಿಂತ ರಕ್ತ ಮೇಲಕ್ಕೆ ಬಂದು ಕುತ್ತಿಗೆಯ ನರ ಉಬ್ಬಿ ಹಾಗೇ ನಿಂತರೆ ಹೃದಯ ಆ ಹೆಚ್ಚುವರಿ ಭಾರವನ್ನು ಹೊರಲಾರದಾಗಿದೆ ಎಂದು ಅರ್ಥ. ಹೊಟ್ಟೆ ಒತ್ತಿ ಹೃದಯದ ಸ್ಥಿತಿ ತಿಳಿಯುವ ಈ ಪರೀಕ್ಷೆಗೆ ಯಂತ್ರ ಬೇಡ, ಬಿಲ್ಲೂ ಇಲ್ಲ. ಇಡೀ ದೇಹಪರೀಕ್ಷೆಯಲ್ಲಿ ಇದಕ್ಕಿಂತ ಸೊಗಸಾದದ್ದನ್ನು ನಾನು ಕಾಣೆ. ಒತ್ತುವಾಗ ಉಸಿರು ಬಿಗಿಹಿಡಿಯದೆ ಮಾಮೂಲಿಯಾಗಿ ಉಸಿರಾಡುತ್ತಿದ್ದರೆ ಸಾಕು.

ಕಾಲಿನ ಬಾವನ್ನು ಮನೆಯವರೇ ಮೊದಲು ಕಾಣುವುದು. ಸಂಜೆ ಚಪ್ಪಲಿಯ ಪಟ್ಟಿ ಒತ್ತುತ್ತದೆ, ಕಾಲ್ಚೀಲದ ಗುರುತು ಉಳಿಯುತ್ತದೆ. ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ಅಲ್ಲಿ ನೀರು ನಿಂತಿದೆ. ಎರಡೂ ಕಾಲಿನಲ್ಲಿದ್ದರೆ ಹೃದಯ, ಮೂತ್ರಪಿಂಡ, ಲಿವರ್, ಪ್ರೋಟೀನ್ ಕೊರತೆ, ಇವುಗಳಲ್ಲಿ ಯಾವುದೂ ಇರಬಹುದು. ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯೂ ಕಾಲು ಊದಿಸುತ್ತದೆ. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ಬೇರೆ ಮಾತ್ರೆ ಬರೆಸಿಕೊಳ್ಳಿ. ಒಂದೇ ಕಾಲು ಏಕಾಏಕಿ ಊದಿ ಮೀನಖಂಡ ನೋಯುತ್ತಿದ್ದರೆ ಅದು ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ಅದನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಹಾಸಿಗೆ ಹಿಡಿದ ಹಿರಿಯರಲ್ಲಿ ನೀರು ಕಾಲಲ್ಲಿ ನಿಲ್ಲದೆ ಸೊಂಟದ ಹಿಂಭಾಗದಲ್ಲಿ ನಿಲ್ಲುತ್ತದೆ, ಅಲ್ಲೂ ಒತ್ತಿ ನೋಡಿ.

ಇದರ ಜೊತೆ ರಾತ್ರಿಯ ಮಾತು. ಮೊದಲು ಒಂದು ದಿಂಬು ಸಾಕಾಗುತ್ತಿದ್ದವರು ಈಗ ಮೂರು ದಿಂಬು ಇಟ್ಟುಕೊಂಡು ಮಲಗುತ್ತಿದ್ದಾರೆಯೆ? ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕಿಟಕಿಯ ಹತ್ತಿರ ಹೋಗಿ ಕೂರುತ್ತಾರೆಯೆ? ಇದನ್ನು ಡಾಕ್ಟರು ಪರೀಕ್ಷೆಯಲ್ಲಿ ಕಾಣಲಾರರು, ಮನೆಯವರೇ ಹೇಳಬೇಕು. ಹೃದಯದ ಸೋಲು ಎಂದು ಈಗಾಗಲೇ ಗೊತ್ತಿರುವವರು ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಮೂರು ದಿನದಲ್ಲಿ ಎರಡು ಕಿಲೊ ಏರಿದರೆ ಅದು ಕೊಬ್ಬಲ್ಲ, ನೀರು.

ಸ್ಟೆತಸ್ಕೋಪ್ ವಿಷಯಕ್ಕೆ ಬರೋಣ. 1816ರಲ್ಲಿ ಪ್ಯಾರಿಸ್‌ನ ಲೆನೆಕ್ ಎಂಬ ವೈದ್ಯ, ಹೆಣ್ಣುಮಗಳೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದ ಸುರುಳಿ ಸುತ್ತಿ ಕೇಳಿದ್ದೇ ಅದರ ಮೂಲ. ಈಗಲೂ ಅದನ್ನು ಸೀರೆ, ಸ್ವೆಟರ್ ಮೇಲಿಟ್ಟರೆ ಕೇಳಿಸುವುದು ಬಟ್ಟೆಯ ಸದ್ದೇ. ಎಡಮಗ್ಗುಲಾಗಿ ಮಲಗಿ ಎಂದರೆ, ಕೂತು ಮುಂದಕ್ಕೆ ಬಾಗಿ ಉಸಿರು ಬಿಟ್ಟು ಹಿಡಿಯಿರಿ ಎಂದರೆ, ಮೆಲುದನಿಯ ಮರ್ಮರಗಳನ್ನು ಹುಡುಕುತ್ತಿದ್ದಾರೆ ಎಂದು ತಿಳಿಯಿರಿ. ಮಕ್ಕಳಾಗಿದ್ದಾಗ ಗಂಟಲುನೋವು, ಆಮೇಲೆ ಕೀಲುಕೀಲಿನಲ್ಲೂ ಬಾವು ಬಂದು ಹೋದವರಲ್ಲಿ ರುಮ್ಯಾಟಿಕ್ ಜ್ವರ ಕವಾಟವನ್ನು ಕೆಡಿಸಿರಬಹುದು. ಎಷ್ಟೋ ಹೆಣ್ಣುಮಕ್ಕಳಲ್ಲಿ ಅದು ಬಯಲಾಗುವುದು ಬಸಿರಿನಲ್ಲಿ, ಏದುಸಿರು ಹೆಚ್ಚಿದಾಗ.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು: ಹೃದಯಾಘಾತ ನಡೆಯುತ್ತಿರುವಾಗಲೇ ಈ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇರಬಹುದು. ನಾಡಿ ಸರಿ, ಬಿ.ಪಿ. ಸರಿ, ಎದೆಯ ಸದ್ದು ಸರಿ. ಎದೆಯ ನಡುವೆ ಒತ್ತಿದಂಥ ನೋವು ಹದಿನೈದು ನಿಮಿಷ ದಾಟಿದರೆ, ದವಡೆ ಅಥವಾ ತೋಳಿಗೆ ಹರಡಿದರೆ, ತಣ್ಣನೆ ಬೆವರು ಬಂದರೆ ಇಸಿಜಿ ಆಗಲೇಬೇಕು. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕು, ಟ್ರೋಪೋನಿನ್ ರಕ್ತಪರೀಕ್ಷೆ ಮಾಡಬೇಕು. ಸಕ್ಕರೆ ಕಾಯಿಲೆಯವರು, ಹೆಂಗಸರು, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ದಮ್ಮು, ವಾಕರಿಕೆಯಾಗಿ ಬರುವುದೂ ಉಂಟು. ಸೋಡಾ ಕುಡಿದು ತೇಗು ಬಂದು ಹಗುರವಾಯಿತು ಎಂಬುದು ಹೃದಯಾಘಾತ ಅಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ.

ಇನ್ನು ಹೊಟ್ಟೆ

ಹೊಟ್ಟೆ ನೋಡುವ ಮುಂಚೆ ಮೂತ್ರಕ್ಕೆ ಹೋಗಿಬನ್ನಿ. ತುಂಬಿದ ಮೂತ್ರಕೋಶ ಗೆಡ್ಡೆಯಂತೆಯೇ ಕೈಗೆ ಸಿಗುತ್ತದೆ. ಅಂಗಾತ ಮಲಗಿ, ಕೈಗಳನ್ನು ಪಕ್ಕದಲ್ಲಿಟ್ಟು, ಮೊಣಕಾಲು ಮಡಚಿದರೆ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಡಾಕ್ಟರು ಮೊದಲು ನೋಡುತ್ತಾರೆ, ಆಮೇಲೆ ಕೇಳುತ್ತಾರೆ, ಮುಟ್ಟುವುದು ಕೊನೆಗೆ. ನೋಯುವ ಜಾಗಕ್ಕೆ ಎಲ್ಲಕ್ಕಿಂತ ಕೊನೆಗೆ ಬರುತ್ತಾರೆ. ‘ಡಾಕ್ಟ್ರೇ, ಅಲ್ಲಲ್ಲ, ಇಲ್ಲಿ’ ಎಂದು ಅವರ ಕೈ ಎಳೆಯಬೇಡಿ. ಒತ್ತುವಾಗ ಅವರ ಕಣ್ಣು ಹೊಟ್ಟೆಯ ಮೇಲಿರುವುದಿಲ್ಲ, ನಿಮ್ಮ ಮುಖದ ಮೇಲಿರುತ್ತದೆ.

ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು ಎಂಬುದನ್ನು ನೆನಪಿಟ್ಟು ಹೇಳಿ. ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಬಲಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಮೂಳೆಯಿಂದ ಮೂರರಲ್ಲಿ ಒಂದು ಭಾಗದಲ್ಲಿ ನೋವು ಹೆಚ್ಚು ಎಂದು ನ್ಯೂಯಾರ್ಕಿನ ಶಸ್ತ್ರವೈದ್ಯ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ. ಇಂದಿಗೂ ಆ ಜಾಗಕ್ಕೆ ಅವನ ಹೆಸರೇ. ಎಡಗಡೆ ಒತ್ತಿದಾಗ ಬಲಗಡೆ ನೋಯುವುದೂ ಅದೇ ಕಾಯಿಲೆಯ ಸುಳಿವು. ಪಿತ್ತಕೋಶದ ಉರಿಯೂತವಿದ್ದರೆ, ಬಲಪಕ್ಕೆಯ ಕೆಳಗೆ ಬೆರಳಿಟ್ಟು ‘ದೀರ್ಘ ಉಸಿರು ಎಳೆಯಿರಿ’ ಎಂದಾಗ ಉಸಿರು ನಡುವೆಯೇ ನಿಂತುಬಿಡುತ್ತದೆ. ಮೇದೋಜೀರಕ ಗ್ರಂಥಿಯ ನೋವು ಬೆನ್ನಿಗೆ ಕೊರೆಯುತ್ತದೆ, ಮುಂದಕ್ಕೆ ಬಾಗಿ ಕೂತರೆ ತುಸು ಹಾಯೆನಿಸುತ್ತದೆ. ಅದರ ಹಿಂದೆ ಹೆಚ್ಚಾಗಿ ಇರುವುದು ಪಿತ್ತದ ಕಲ್ಲು ಅಥವಾ ಕುಡಿತ.

ಮನೆಯವರು ನೋಡಬಹುದಾದ ಒಂದು ದೊಡ್ಡ ವ್ಯತ್ಯಾಸ ಇಲ್ಲಿದೆ. ಮೂತ್ರಪಿಂಡದ ಕಲ್ಲಿನವರು ಒಂದು ಕಡೆ ನಿಲ್ಲಲಾರರು, ಹೊರಳಾಡುತ್ತಾರೆ. ಕರುಳು ತೂತಾಗಿ ಹೊಟ್ಟೆಯೊಳಗೆ ಸೋಂಕು ಹರಡಿದವರು ಮಿಸುಕಾಡದೆ ಮಲಗುತ್ತಾರೆ. ಕೆಮ್ಮಿದರೆ, ಆಟೊ ಹಂಪಿನ ಮೇಲೆ ಹಾರಿದರೆ ಜೀವ ಹೋದಂತೆ ನೋಯುತ್ತದೆ, ಹೊಟ್ಟೆ ಬಿಗಿದು ಗಟ್ಟಿಯಾಗಿರುತ್ತದೆ. ಹೀಗೆ ಅಲುಗಾಡದೆ ಮಲಗಿದವರನ್ನು ನೋಡಿ ‘ನೋವು ಕಡಿಮೆಯಾಗಿ ನಿದ್ದೆ ಬಂದಿದೆ’ ಎಂದುಕೊಳ್ಳುವುದು ಅಪಾಯ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿದೆ. ಇಂಥ ನೋವಿಗೆ ಹರಳೆಣ್ಣೆ ಕುಡಿಸುವುದು, ಎನಿಮಾ ಕೊಡುವುದು, ಹೊಟ್ಟೆ ತಿಕ್ಕುವುದು ಖಂಡಿತ ಬೇಡ.

ಕರುಳು ಕಟ್ಟುವುದಕ್ಕೆ ಒಂದು ಕಾರಣ ತೊಡೆಸಂದಿನಲ್ಲಿ ಸಿಕ್ಕಿಕೊಂಡ ಹರ್ನಿಯಾ. ನಾಚಿಕೆಯಿಂದ ತೊಡೆಸಂದು ತೋರಿಸದೆ, ಡಾಕ್ಟರೂ ಒತ್ತಾಯಿಸದೆ, ಬರೀ ಹೊಟ್ಟೆ ನೋಡಿ ಮಾತ್ರೆ ಬರೆದರೆ ಮೂಲವೇ ತಪ್ಪಿಹೋಗುತ್ತದೆ. ಸುಲಭವಾಗಿ ಸಡಿಲಿಸಬಹುದಾದ ಬಟ್ಟೆ ಹಾಕಿಕೊಂಡು ಹೋಗಿ. ಹೆಂಗಸರು ಜೊತೆಗೆ ಒಬ್ಬ ಹೆಂಗಸು ಇರಲಿ ಎಂದು ಕೇಳಬಹುದು, ಅದು ನಿಮ್ಮ ಹಕ್ಕು. ಹೆರುವ ವಯಸ್ಸಿನವರು ಕೊನೆಯ ಮುಟ್ಟಿನ ತಾರೀಖನ್ನು ಕೇಳದಿದ್ದರೂ ಹೇಳಿಬಿಡಿ. ಮುಟ್ಟು ತಪ್ಪಿ, ಕಿಬ್ಬೊಟ್ಟೆ ನೋವು ಬಂದು, ತಲೆಸುತ್ತಿ ಬಿದ್ದರೆ ಅದು ಗರ್ಭಕೋಶದ ಹೊರಗೆ ಕಟ್ಟಿದ ಬಸಿರು ಒಡೆದದ್ದಿರಬಹುದು.

ಲಿವರ್ ಕೆಟ್ಟವರ ಕಥೆ ನಿಧಾನದ್ದು. ಅಂಗೈ ಕೆಂಪಾಗುತ್ತದೆ, ಎದೆ–ಭುಜದ ಮೇಲೆ ಕೆಂಪು ಚುಕ್ಕೆಯಿಂದ ಎಳೆಗಳು ಹರಡಿದ ಗುರುತು ಮೂಡುತ್ತದೆ, ಗಂಡಸರಲ್ಲಿ ಎದೆ ಬೆಳೆಯುತ್ತದೆ, ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ದೊಡ್ಡದಾಗುತ್ತದೆ. ಹೊಟ್ಟೆಯಲ್ಲಿರುವುದು ಬೊಜ್ಜೋ ನೀರೋ ಎಂದು ತಿಳಿಯಲು ಡಾಕ್ಟರು ಬೆರಳಿನಿಂದ ತಟ್ಟುತ್ತಾರೆ. ಈ ತಟ್ಟುವ ವಿದ್ಯೆಯನ್ನು 1761ರಲ್ಲಿ ಮೊದಲು ಬರೆದಿಟ್ಟ ಆಸ್ಟ್ರಿಯಾದ ಔಎನ್‌ಬ್ರುಗ್ಗರ್ ಹೋಟೆಲು ನಡೆಸುವವನ ಮಗ. ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ತಿಳಿಯುವುದನ್ನು ಕಂಡಿದ್ದವನು. ನೀರಿದ್ದರೆ ಪಕ್ಕೆಗಳಲ್ಲಿ ಸದ್ದು ಮಂಕಾಗುತ್ತದೆ, ಮಗ್ಗುಲು ಬದಲಿಸಿದರೆ ಮಂಕು ಸದ್ದಿನ ಜಾಗವೂ ಬದಲಾಗುತ್ತದೆ. ಕುಡಿತದ ಚಟವಿರುವವರು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎಚ್ಚರವಿದ್ದು ತಬ್ಬಿಬ್ಬಾಗಿ ಮಾತಾಡತೊಡಗಿದರೆ ‘ಕುಡಿದ ಅಮಲು’ ಎಂದು ಬಿಡಬೇಡಿ. ಕೈ ಮುಂದೆ ಚಾಚಿ ಅಂಗೈ ಮೇಲಕ್ಕೆ ಮಡಚಿ ಹಿಡಿಯಲು ಹೇಳಿ. ಕೈ ಮತ್ತೆ ಮತ್ತೆ ಜೋತು ಬಿದ್ದರೆ ಲಿವರ್ ಸೋತು ವಿಷ ಮೆದುಳಿಗೇರುತ್ತಿರುವ ಸೂಚನೆ. ಡಾಂಬರಿನಂಥ ಕಪ್ಪು, ಅಂಟು ಮಲ ಒಳಗಿನ ರಕ್ತಸ್ರಾವದ್ದು. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆ ವಿಷಯವನ್ನು ಮೊದಲೇ ಹೇಳಿ.

ಮಳೆಗಾಲದಲ್ಲಿ ಒಂದು ಎಚ್ಚರ ಹೆಚ್ಚು ಬೇಕು. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಜ್ವರ ಬಿಟ್ಟ ಮೇಲೆ. ಜ್ವರ ಇಳಿಯಿತು ಎಂದು ನಿರಾಳವಾದಾಗಲೇ ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ಪ್ಲೇಟ್‌ಲೆಟ್ ಎಣಿಕೆ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಿ.

ಹೋಗುವಾಗ ಒಯ್ಯಬೇಕಾದ್ದು

ಈಗ ತಿನ್ನುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಒಯ್ಯಿರಿ, ‘ಬಿಳಿ ಮಾತ್ರೆ, ಸಣ್ಣದು’ ಎಂದರೆ ಯಾರಿಗೂ ತಿಳಿಯದು. ಹಳೆಯ ಇಸಿಜಿ ಬಂಗಾರಕ್ಕಿಂತ ಹೆಚ್ಚು. ಇಂದಿನದರ ಪಕ್ಕದಲ್ಲಿಟ್ಟು ನೋಡಿದಾಗಲೇ ಹೊಸ ಬದಲಾವಣೆ ತಿಳಿಯುವುದು. ಇಸಿಜಿ ಬರುವುದು ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ, ಆದ್ದರಿಂದ ಲ್ಯಾಮಿನೇಷನ್ ಮಾಡಿಸಬೇಡಿ, ಪೂರ್ತಿ ಕಪ್ಪಾದೀತು. ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಫೋಟೊ ಇಟ್ಟುಕೊಳ್ಳಿ. ಸಾಮಾನ್ಯ ತಪಾಸಣೆಗೆ ವಾರ್ಡಿನ ಸರ್ಕಾರಿ ‘ನಮ್ಮ ಕ್ಲಿನಿಕ್’ ಸಾಕು. ದೊಡ್ಡದಕ್ಕೆ ಇಎಸ್‌ಐ ಕಾರ್ಡಿದ್ದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ, ಉಳಿದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್, ಮಾರ್ಕೆಟ್ ಬಳಿಯ ವಿಕ್ಟೋರಿಯಾ, ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ ಇವೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಎದೆನೋವು ಬಂದರೆ ಬೆಂಗಳೂರಿಗೆ ಕರೆತರಲು ಕಾರು ಹುಡುಕಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡಿದೆ.

ಎದೆನೋವಿಗೆಂದು ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಬೇಡಿ, ಬಿ.ಪಿ. ಕುಸಿಯಬಹುದು. ಎದೆನೋವಿನವರು ಸ್ಕೂಟರ್ ಓಡಿಸಿಕೊಂಡು ಹೋಗಬಾರದು, ಮೂರು ಮಹಡಿ ಇಳಿದು ಆಟೊ ಹುಡುಕಲೂಬಾರದು. ಕೂತಲ್ಲೇ ಕೂತು 108ಕ್ಕೆ ಕರೆ ಮಾಡಿಸಿ. ಕರೆ ಮಾಡುವಾಗ ಬರೀ ‘ಮಾರೇನಹಳ್ಳಿ’ ಎನ್ನಬೇಡಿ. ಜಯನಗರ–ಜೆ.ಪಿ. ನಗರದ ಕಡೆ ಇನ್ನೊಂದು ಮಾರೇನಹಳ್ಳಿ ಇದೆ, ಆ ಹೆಸರಿನ ದೊಡ್ಡ ರಸ್ತೆಯೂ ಇದೆ. ‘ವಿಜಯನಗರದ ಮಾರೇನಹಳ್ಳಿ’ ಎಂದು ಹೇಳಿ, ಅಡ್ಡರಸ್ತೆಯ ನಂಬರು, ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಹೇಳಿ, ಮನೆಯಿಂದ ಒಬ್ಬರನ್ನು ಮುಖ್ಯರಸ್ತೆಗೆ ಕಳಿಸಿ ನಿಲ್ಲಿಸಿ.